ಫೋನ್ ರಿಂಗಾದರೆ ಎದೆ ಧಸಕ್ ಅನ್ನುತ್ತದೆ

ಪ್ರಶ್ನೆ: ನನಗೆ 38 ವರ್ಷ. ಬಾಗಲಕೋಟೆಯ ನವನಗರದಲ್ಲಿ ಮನೆ. ಮೂರು ವರ್ಷದ ಹಿಂದೆ ಅಪ್ಪ ತೀರಿಕೊಂಡ ಸುದ್ದಿ ನಸುಕಿನಲ್ಲಿ ಫೋನ್‌ನಲ್ಲೇ ಬಂತು. ಅಂದಿನಿಂದ ದಿಢೀರ್ ಅಂತ ಫೋನ್ ಬಂದರೆ ಕೈ ನಡುಗುತ್ತದೆ. ಸೈಲೆಂಟ್ ಮಾಡಿ ಜೋಳದ ಹಿಟ್ಟಿನ ಡಬ್ಬಿ ಹಿಂದೆ ಇಟ್ಟುಬಿಡುತ್ತೇನೆ. ಮೊನ್ನೆ ಮಗನ ಶಾಲೆಯಿಂದ ನಾಲ್ಕು ಸಲ ಮಾಡಿದ್ದಾರೆ, ಎತ್ತಲಿಲ್ಲ. ಏನು ಮಾಡಲಿ?

ಉತ್ತರ: ಡಬ್ಬಿ ಹಿಂದೆ ಇಟ್ಟ ತಕ್ಷಣ ಹಾಯೆನಿಸುತ್ತದೆ, ಅಲ್ವಾ? ತೊಡಕು ಇರುವುದೇ ಅಲ್ಲಿ. ಎತ್ತದೇ ಇದ್ದುದಕ್ಕೆ ಪಾರಾದೆ ಅಂತ ಮಿದುಳು ಕಲಿಯುತ್ತದೆ. ಮುಂದಿನ ಸಲ ಭಯ ಇನ್ನೂ ಜಾಸ್ತಿ. ಎದೆ ಬಡಿತ ಅಡ್ರಿನಲಿನ್ ಅನ್ನುವ ಹಾರ್ಮೋನಿನ ಕೆಲಸ. ಬೀದಿನಾಯಿ ಅಟ್ಟಿಸಿಕೊಂಡು ಬಂದರೂ ಹೀಗೇ ಆಗುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಇಳಿಯುತ್ತದೆ.

ಆ ನಸುಕಿನ ರಿಂಗ್‌ಟೋನೇ ಇನ್ನೂ ಇದ್ದರೆ ಮೊದಲು ಬದಲಿಸಿ. ಆಮೇಲೆ ತಂಗಿಗೋ ಗೆಳತಿಗೋ ಒಂದು ಕೆಲಸ ಹೇಳಿ: ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಯಾವಾಗಲಾದರೂ ಫೋನ್ ಮಾಡಿ, ‘ಇವತ್ತು ಏನ್ ಪಲ್ಯ?’ ಅಂತ ಕೇಳಿ ಇಟ್ಟುಬಿಡಬೇಕು. ರಿಂಗಾದಾಗ ಉಸಿರನ್ನು ನಿಧಾನವಾಗಿ ಉದ್ದಕ್ಕೆ ಬಿಡಿ, ಎತ್ತಿ. ನಡುಕ ನಿಲ್ಲಲಿ ಅಂತ ಕಾಯಬೇಡಿ, ನಡುಗುವ ಕೈಯಲ್ಲೇ ಎತ್ತಿ. ಇದು ರೂಢಿಯಾದ ಮೇಲೆ ನಿಮಗೆ ಗೊತ್ತಿಲ್ಲದ ನಂಬರಿನಿಂದ, ಪಕ್ಕದ ಮನೆಯವರ ಫೋನಿನಿಂದಲೋ, ಮಾಡಲಿ. ಕೆಲವು ದಿನ ಹಿಂದಕ್ಕೆ ಜಾರುತ್ತೀರಿ. ಪರವಾಗಿಲ್ಲ, ಮರುದಿನ ಮತ್ತೆ ಶುರು ಮಾಡಿ.

ಹಾಗಂತ ಬಂದದ್ದೆಲ್ಲ ಎತ್ತಬೇಕಿಲ್ಲ. 140ರಿಂದ ಶುರುವಾಗುವ ನಂಬರು ಜಾಹೀರಾತಿನವು, ಸುಮ್ನೆ ಬಿಡಿ. ‘ಡಿಜಿಟಲ್ ಅರೆಸ್ಟ್ ಆಗಿದ್ದೀರಿ’ ಅಂತ ಪೊಲೀಸರ ಸೋಗಿನಲ್ಲಿ ಯಾರಾದರೂ ಹೆದರಿಸಿದರೆ ಕಟ್ ಮಾಡಿ. ಅಂಥ ಅರೆಸ್ಟೇ ಕಾನೂನಿನಲ್ಲಿಲ್ಲ. ದುಡ್ಡು ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಿ.

ಇನ್ನೊಂದು ಮಾತು ಕೇಳಲೇಬೇಕು. ಆ ನಸುಕಿನಲ್ಲಿ ಏನಾಯಿತು ಅಂತ ಯಾರ ಹತ್ತಿರವಾದರೂ ಪೂರ್ತಿ ಹೇಳಿದ್ದೀರಾ? ಮನೆ ತುಂಬ ನೆಂಟರು, ದಿನಕರ್ಮದ ಓಡಾಟ, ಮಕ್ಕಳ ಊಟ. ಇದರ ನಡುವೆ ಎಷ್ಟೋ ಹೆಣ್ಣುಮಕ್ಕಳಿಗೆ ಅಳುವುದಕ್ಕೂ ಪುರಸೊತ್ತು ಸಿಕ್ಕಿರುವುದಿಲ್ಲ. ಒಮ್ಮೆ ಹೇಳಿಕೊಳ್ಳಿ. ನಿದ್ದೆ ಕೆಟ್ಟಿದ್ದರೆ, ಆ ಗಳಿಗೆ ಕಣ್ಣೆದುರು ಮತ್ತೆ ಮತ್ತೆ ಬರುತ್ತಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕೂಡ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಅದೂ ಫೋನೇ, ನಿಜ. ಆದರೆ ಇಲ್ಲಿ ಮಾಡುವವರು ನೀವು, ಹೊತ್ತೂ ನಿಮ್ಮದೇ.

ಶಾಲೆಯ ನಂಬರನ್ನು ಇವತ್ತೇ ಹೆಸರು ಹಾಕಿ ಸೇವ್ ಮಾಡಿಕೊಂಡು, ನೀವೇ ಒಮ್ಮೆ ಫೋನ್ ಮಾಡಿ.