ಸಿಸ್ಟರ್‌ಗೆ ದುಡ್ಡು ಬೇಡ, ಪತ್ರ ಬರೆಯಿರಿ

ಈ ಸಲ ಬಂದ ಪತ್ರಗಳಲ್ಲಿ ಆಸ್ಪತ್ರೆ ಸಿಬ್ಬಂದಿಯ ಬಗ್ಗೆ ಬರೆದವೇ ಜಾಸ್ತಿ. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಕಡೆಯಿಂದ ಬಂದಿವೆ. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವಕ್ಕೇ ಉತ್ತರ ಬರೆಯುತ್ತಿದ್ದೇನೆ.

ಅಕ್ಕಾ, ನಮಸ್ಕಾರ. ನಾನು ಸಿಂಧನೂರು ತಾಲೂಕಿನ ರೈತ. ನಮ್ಮ ಅವ್ವನಿಗೆ ಲಕ್ವಾ ಹೊಡೆದು ಒಂದು ಕಡೆಯ ಕೈಕಾಲು ಬಿದ್ದುಹೋಗಿದ್ದವು. ಸರ್ಕಾರಿ ಆಸ್ಪತ್ರೆಗೆ ಸೇರಿಸಿದ್ದೆವು. ಅಲ್ಲಿ ರಾತ್ರಿ ಪಾಳಿಯ ಸಿಸ್ಟರ್ ಒಬ್ಬರು ನಿದ್ದೆಗೆಟ್ಟು ಅವ್ವನ ಮಗ್ಗುಲು ಬದಲಿಸುತ್ತಿದ್ದರು. ನನ್ನ ಹೆಂಡತಿಗೂ ಕಲಿಸಿಕೊಟ್ಟರು. ಈಗ ಅವ್ವ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾಳೆ. ಡಿಸ್ಚಾರ್ಜ್ ದಿನ 500 ರೂಪಾಯಿ ಕೊಡಲು ಹೋದರೆ ಸಿಸ್ಟರ್ ಮುಖ ಸಣ್ಣದಾಯಿತು, "ಬ್ಯಾಡ ತಮ್ಮಾ" ಅಂದುಬಿಟ್ಟರು. ಶಾಲು ಹೊದಿಸಿ ಸನ್ಮಾನ ಮಾಡಿದರೆ ನಡೆಯುತ್ತದಾ?

ತಮ್ಮಾ, ನಿಮ್ಮ ಮನಸ್ಸು ದೊಡ್ಡದು. ಸಿಸ್ಟರ್ ದುಡ್ಡು ಬೇಡ ಅಂದದ್ದೂ ಅಷ್ಟೇ ಸರಿ. ಸರ್ಕಾರಿ ನೌಕರರು ರೋಗಿಯ ಕಡೆಯವರಿಂದ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಪ್ರೀತಿಯಿಂದಲೇ ಕೊಟ್ಟಿದ್ದರೂ ಪಕ್ಕದ ಹಾಸಿಗೆಯವರು ನೋಡಿದರೆ ಅದು ಲಂಚವಾಗಿಯೇ ಕಾಣುತ್ತದೆ. ನಾಳೆಯಿಂದ ಅವರೂ "ನಾವೂ ಕೊಡಬೇಕೇನೋ" ಅಂತ ಜೇಬು ತಡಕಾಡುತ್ತಾರೆ, ಇಲ್ಲದವರು ಅಂಜುತ್ತಾರೆ. ಶಾಲು ತಪ್ಪೇನಲ್ಲ, ಆದರೆ ಅದು ಮನೆಗೆ ಹೋಗಿ ಬೀರು ಸೇರುತ್ತದೆ. ಅವರ ಕೆಲಸದ ಜೊತೆ ಉಳಿಯುವಂಥದ್ದನ್ನು ಕೊಡಿ. ಪತ್ರ ಬರೆಯಿರಿ.

ಆ ಸಿಸ್ಟರ್ ಮಾಡಿದ ಕೆಲಸ ಎಂಥದ್ದು ಅಂತ ಮೊದಲು ಹೇಳುತ್ತೇನೆ, ಪತ್ರ ಬರೆಯುವಾಗ ಅದು ಬೇಕಾಗುತ್ತದೆ. ಮೈ ಅಲುಗಾಡಿಸಲಾಗದವರು ಒಂದೇ ಮಗ್ಗುಲಲ್ಲಿ ಮಲಗಿದ್ದರೆ ಸೊಂಟ, ಬೆನ್ನಿನ ಕೆಳಭಾಗ, ಹಿಮ್ಮಡಿಯ ಹತ್ತಿರ ಎಲುಬು ಚರ್ಮವನ್ನು ಒತ್ತುತ್ತದೆ. ಅಲ್ಲಿಗೆ ರಕ್ತ ಹರಿಯುವುದು ನಿಲ್ಲುತ್ತದೆ, ಚರ್ಮ ಸಾಯುತ್ತದೆ, ಹುಣ್ಣಾಗುತ್ತದೆ. ಬೆವರಿ ಚರ್ಮ ಒದ್ದೆಯಾದರೆ ಇನ್ನೂ ಬೇಗ. ನಮ್ಮ ರಾಯಚೂರು ಕಡೆಯ ಬೇಸಿಗೆ ನಿಮಗೆ ಗೊತ್ತೇ ಇದೆಯಲ್ವಾ? ಒಮ್ಮೆ ಆ ಹುಣ್ಣು ಆಳಕ್ಕೆ ಇಳಿದರೆ ತಿಂಗಳುಗಟ್ಟಲೆ ವಾಸಿಯಾಗುವುದಿಲ್ಲ, ಕೀವಾಗಿ ಜೀವಕ್ಕೇ ಬರುವುದೂ ಉಂಟು. ಇದನ್ನು ತಡೆಯುವ ಮುಖ್ಯ ದಾರಿ ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ವಾರ್ಡ್ ತುಂಬಾ ರೋಗಿಗಳಿದ್ದಾಗ, ರಾತ್ರಿ ಮೂರು ಗಂಟೆಗೆ, ಯಾರೂ ನೋಡದ ಹೊತ್ತಿನಲ್ಲಿ ಮಾಡುವ ಕೆಲಸ ಅದು. ಮಾಡದಿದ್ದರೆ ಹುಣ್ಣು ಎಲ್ಲರ ಕಣ್ಣಿಗೂ ಬೀಳುತ್ತದೆ, ಮಾಡಿದರೆ ಯಾರ ಕಣ್ಣಿಗೂ ಏನೂ ಬೀಳುವುದಿಲ್ಲ. ನೀವು ಅದನ್ನು ಕಂಡಿದ್ದೀರಿ, ಅದಕ್ಕೇ ನಿಮ್ಮ ಪತ್ರಕ್ಕೆ ಬೆಲೆ ಇದೆ.

ಪತ್ರವನ್ನು ವೈದ್ಯಕೀಯ ಅಧೀಕ್ಷಕರಿಗೆ ಬರೆಯಿರಿ, ಒಂದು ಪ್ರತಿ ನರ್ಸಿಂಗ್ ಅಧೀಕ್ಷಕರಿಗೆ, ಒಂದು ಪ್ರತಿ ಆ ಸಿಸ್ಟರ್ ಕೈಗೆ. ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ಕೈಬರಹ ಸಾಕು. ಅವ್ವ ಯಾವ ವಾರ್ಡಿನಲ್ಲಿ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಇದ್ದರು, ಸಿಸ್ಟರ್ ಹೆಸರೇನು, ಯಾವ ಪಾಳಿ, ಏನು ಮಾಡಿದರು ಅಂತ ಬರೆಯಿರಿ. "ದೇವರಂತೆ ನೋಡಿಕೊಂಡರು" ಅಂತ ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. "ರಾತ್ರಿಯೆಲ್ಲಾ ನಮ್ಮ ತಾಯಿಯ ಮಗ್ಗುಲು ಬದಲಿಸಿದರು, ನಮಗೂ ಕಲಿಸಿದರು, ತಾಯಿಗೆ ಒಂದೂ ಹುಣ್ಣಾಗಲಿಲ್ಲ" ಅಂತ ಬರೆಯಿರಿ. ಕಚೇರಿಯಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.

ಇದರಿಂದ ಏನು ಉಪಯೋಗ ಅಂತೀರಾ? ರಾಜ್ಯ ಸರ್ಕಾರ ನೌಕರರಿಗೆ ಸರ್ವೋತ್ತಮ ಸೇವಾ ಪ್ರಶಸ್ತಿ ಕೊಡುತ್ತದೆ. ಕೇಂದ್ರ ಆರೋಗ್ಯ ಸಚಿವಾಲಯ ನರ್ಸ್‌ಗಳಿಗಾಗಿ 1973ರಲ್ಲಿ ಶುರು ಮಾಡಿದ ಫ್ಲಾರೆನ್ಸ್ ನೈಟಿಂಗೇಲ್ ಪ್ರಶಸ್ತಿ ಇದೆ. ಇಂಥವಕ್ಕೆ ಯಾರ ಹೆಸರು ಕಳಿಸಬೇಕು ಅಂತ ಮೇಲಿನವರು ಯೋಚಿಸುವಾಗ, ಫೈಲಿನಲ್ಲಿ ರೋಗಿಯ ಮನೆಯವರು ಬರೆದ ನಾಲ್ಕು ಸಾಲು ಇದ್ದರೆ ಆ ಹೆಸರಿಗೆ ಬಲ ಬರುತ್ತದೆ. ಪ್ರಶಸ್ತಿ ಬರದಿದ್ದರೂ ಪತ್ರ ಅವರದ್ದೇ, ಅಲ್ವಾ?

ಮೇಡಂ, ನಾನು ಯಲಬುರ್ಗಾ ಕಡೆಯವಳು. ಅಪ್ಪ ಐಸಿಯುನಲ್ಲಿ ತೀರಿಕೊಂಡರು. ಆದರೆ ಅಲ್ಲಿನ ಬ್ರದರ್ ಒಬ್ಬರು ಕೊನೆಯವರೆಗೂ ಅಪ್ಪನ ಜೊತೆ ಮಾತಾಡುತ್ತಲೇ ಇದ್ದರು, ನನ್ನನ್ನು ಒಳಗೆ ಕರೆದು ಕೈ ಹಿಡಿದುಕೊಳ್ಳಲು ಬಿಟ್ಟರು. ಅವರಿಗೆ ಧನ್ಯವಾದ ಹೇಳಬೇಕು ಅಂದರೆ ಮನೆಯಲ್ಲಿ "ಸತ್ತ ಮನೆಯಿಂದ ಏನು ಧನ್ಯವಾದ" ಅಂತಾರೆ.

ಹೇಳಿ ತಂಗಿ, ಖಂಡಿತ ಹೇಳಿ. ರೋಗಿ ಉಳಿದರೆ ಮಾತ್ರ ಒಳ್ಳೆಯ ಕೆಲಸ ಅನ್ನುವುದಾದರೆ ಐಸಿಯುನಲ್ಲಿ, ಕ್ಯಾನ್ಸರ್ ವಾರ್ಡಿನಲ್ಲಿ ದುಡಿಯುವವರ ಅರ್ಧ ಕೆಲಸ ಲೆಕ್ಕಕ್ಕೇ ಬರುವುದಿಲ್ಲ.

ಅಮೆರಿಕದಲ್ಲಿ ಪ್ಯಾಟ್ರಿಕ್ ಬಾರ್ನ್ಸ್ ಎಂಬ 33 ವರ್ಷದ ಯುವಕ 1999ರಲ್ಲಿ ಕಾಯಿಲೆಯಿಂದ ತೀರಿಕೊಂಡರು. ದೇಹ ತನ್ನದೇ ಪ್ಲೇಟ್‌ಲೆಟ್‌ಗಳನ್ನು ನಾಶ ಮಾಡಿಕೊಳ್ಳುವ ಕಾಯಿಲೆ ಅದು. ಆ ದುಃಖದಲ್ಲೂ ಮನೆಯವರಿಗೆ ನೆನಪಾದದ್ದು ಅವರನ್ನು ನೋಡಿಕೊಂಡ ನರ್ಸ್‌ಗಳು. ಅವರಿಗೆ ಕೃತಜ್ಞತೆ ಹೇಳಲಿಕ್ಕೆಂದೇ ಡೇಸಿ ಎಂಬ ಸಂಸ್ಥೆ ಕಟ್ಟಿ ಪ್ರಶಸ್ತಿ ಶುರು ಮಾಡಿದರು. ರೋಗಿಗಳು, ಮನೆಯವರು, ಜೊತೆಗೆ ಕೆಲಸ ಮಾಡುವವರು ನರ್ಸ್ ಏನು ಮಾಡಿದರು ಅಂತ ಬರೆದು ಹೆಸರು ಸೂಚಿಸುತ್ತಾರೆ. ಇವತ್ತು ಅದು ಎಷ್ಟೋ ದೇಶಗಳ ಆಸ್ಪತ್ರೆಗಳಲ್ಲಿದೆ. ಮಗನನ್ನು ಕಳೆದುಕೊಂಡ ಮನೆಯಿಂದ ಬಂದದ್ದು ಅದು. ದಿನಕರ್ಮಗಳೆಲ್ಲಾ ಮುಗಿಯಲಿ, ನಿಮಗೆ ಬರೆಯಲು ಆದಾಗ ಬರೆಯಿರಿ, ಅವಸರ ಏನಿಲ್ಲ. ಕೈ ಹಿಡಿದುಕೊಳ್ಳಲು ಬಿಟ್ಟ ಮಾತನ್ನು ಮಾತ್ರ ಬಿಡದೆ ಬರೆಯಿರಿ.

ಗಂಗಾವತಿ ಹತ್ತಿರದ ಹಳ್ಳಿಯ ಯುವಕ ಸಂಘದವರು ನಾವು. ಮೇ 12ರಂದು ನರ್ಸ್‌ಗಳ ದಿನಕ್ಕೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಾರ್ಯಕ್ರಮ ಇಟ್ಟಿದ್ದೇವೆ. ಡಾಕ್ಟರ್ ಮತ್ತು ಇಬ್ಬರು ಸಿಸ್ಟರ್‌ಗೆ ಸನ್ಮಾನ. ಮತ್ತೆ ಯಾರನ್ನು ಕರೆಯಬೇಕು?

ಮೇ 12 ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ, 1820ರಲ್ಲಿ. ಕ್ರಿಮಿಯಾ ಯುದ್ಧದ ಕಾಲದಲ್ಲಿ ಅವರು ಆಸ್ಪತ್ರೆಗೆ ಹೋಗಿ ನೋಡಿದರೆ, ಸೈನಿಕರು ಗಾಯದಿಂದ ಸಾಯುವುದಕ್ಕಿಂತ ಹೆಚ್ಚಾಗಿ ಕಾಲರಾ, ಟೈಫಾಯಿಡ್, ಆಮಶಂಕೆಯಂಥ ರೋಗಗಳಿಂದ ಸಾಯುತ್ತಿದ್ದರು. ಅವರು ಪಟ್ಟು ಹಿಡಿದು ಕೇಳಿದ್ದು ಶುಚಿತ್ವ, ಒಳ್ಳೆಯ ಗಾಳಿ, ಒಗೆದ ಬಟ್ಟೆ. ಹಾಗಾಗಿ ಅವರ ಹೆಸರಿನಲ್ಲಿ ಕಾರ್ಯಕ್ರಮ ಮಾಡುವುದಾದರೆ ಹೆರಿಗೆ ಕೋಣೆಯ ನೆಲ ತೊಳೆಯುವ ಆಯಾಗೆ ಮೊದಲ ಸಾಲಿನಲ್ಲಿ ಕುರ್ಚಿ ಹಾಕಿ. ಗ್ರೂಪ್ ಡಿ ನೌಕರರು, ಲ್ಯಾಬ್‌ನವರು, ಔಷಧಿ ಕೊಡುವವರು, ಆಶಾ ಕಾರ್ಯಕರ್ತೆಯರು, 108 ಆಂಬುಲೆನ್ಸ್‌ನ ಚಾಲಕರು ಮತ್ತು ಹಿಂದೆ ರೋಗಿಯ ಜೊತೆ ಕೂರುವ ಸಿಬ್ಬಂದಿ, ಇವರೆಲ್ಲಾ ಬರಲಿ. ಇವರಲ್ಲಿ ಹೊರಗುತ್ತಿಗೆಯವರು ಬಹಳ. ಏಜೆನ್ಸಿ ಬದಲಾದರೆ ಎಷ್ಟು ವರ್ಷ ದುಡಿದರು ಅನ್ನುವುದಕ್ಕೂ ಕೈಯಲ್ಲಿ ಕಾಗದ ಇರುವುದಿಲ್ಲ. ಅವರ ಹೆಸರು, ಕೆಲಸ ಬರೆದ ಪತ್ರವನ್ನು ಸಂಘದ ಸೀಲು ಹಾಕಿ ಕೊಡಿ, ವೈದ್ಯಾಧಿಕಾರಿಯ ಸಹಿಯನ್ನೂ ಮಾಡಿಸಿ.

ಇನ್ನೊಂದು ಮಾತು. ರಾತ್ರಿ ಪಾಳಿ ಮುಗಿಸಿದವರನ್ನು ಹನ್ನೊಂದು ಗಂಟೆಯವರೆಗೆ ಕೂಡಿಸಬೇಡಿ. ಅತಿಥಿಗಳು ಬರುವುದು ತಡವಾದರೆ ಅವರನ್ನು ಬಿಟ್ಟೇ ಶುರು ಮಾಡಿ. ಹಾರ ಮತ್ತು ಫ್ಲೆಕ್ಸ್‌ಗೆ ಇಟ್ಟ ದುಡ್ಡಲ್ಲಿ ಸಿಬ್ಬಂದಿ ಕೂರುವ ಕೋಣೆಗೆ ಒಂದು ಫ್ಯಾನೋ, ಕುಡಿಯುವ ನೀರಿನ ಫಿಲ್ಟರೋ ಬರುತ್ತದಾ ನೋಡಿ. ಅದನ್ನು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಕೊಟ್ಟು ರಸೀದಿ ತೆಗೆದುಕೊಳ್ಳಿ.

ಬಳ್ಳಾರಿಯಿಂದ ಬರೆಯುತ್ತಿದ್ದೇನೆ. ಸ್ಟ್ರೆಚರ್ ತಳ್ಳಲು ದುಡ್ಡು, ಗಂಡು ಮಗು ಅಂತ ಹೇಳಲು ದುಡ್ಡು. ನಮ್ಮ ತಂಗಿಯ ಹೆರಿಗೆಯಲ್ಲಿ ಕಿತ್ತುಕೊಂಡರು. ಇವರನ್ನು ಹೊಗಳಬೇಕಾ?

ಕಿತ್ತುಕೊಂಡವರನ್ನು ಹೊಗಳಬೇಡಿ, ದೂರು ಕೊಡಿ. ನಿಮ್ಮ ಸಿಟ್ಟು ನ್ಯಾಯವಾದದ್ದು. ಹೆರಿಗೆ ನೋವಿನಲ್ಲಿ ಇರುವವಳ ಮನೆಯವರ ಹತ್ತಿರ ಕೈ ಚಾಚುವುದು ಯಾವ ಮಾತಿನಲ್ಲೂ ಸರಿಯಾಗುವುದಿಲ್ಲ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದ ಮೇಲೆ ಲಂಚ ಕೊಡುವುದೂ ಅಪರಾಧ. ಆದರೆ ಬಲವಂತಕ್ಕೆ ಕೊಟ್ಟವರು 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಅವರಿಗೆ ರಕ್ಷಣೆ ಇದೆ. ಜಿಲ್ಲೆಯಲ್ಲಿ ಲೋಕಾಯುಕ್ತ ಪೊಲೀಸರಿದ್ದಾರೆ. ಅಧೀಕ್ಷಕರಿಗೂ ಬರೆದುಕೊಡಿ.

ದೂರಿನಲ್ಲಿ ಇಂಥ ಪಾಳಿ, ಇಂಥ ವಾರ್ಡು, ಇಂಥ ವ್ಯಕ್ತಿ ಅಂತ ಇರಲಿ. "ಎಲ್ಲರೂ ಕಳ್ಳರು" ಅಂತ ಬರೆದರೆ ನಿಜವಾಗಿ ಕೈ ಚಾಚಿದವನು ಆ ಗುಂಪಿನಲ್ಲಿ ಆರಾಮಾಗಿ ಅಡಗಿಕೊಳ್ಳುತ್ತಾನೆ, ಒಂದು ರೂಪಾಯಿ ಮುಟ್ಟದವರಿಗೆ ಮಾತ್ರ ನೋವಾಗುತ್ತದೆ. ಅದೇ ವಾರ್ಡಿನಲ್ಲಿ ಕೇಳದೆ ಸ್ಟ್ರೆಚರ್ ತಳ್ಳಿದವರು ಯಾರಾದರೂ ಇದ್ದರೆ ಅವರ ಹೆಸರನ್ನೂ ಅಧೀಕ್ಷಕರಿಗೆ ಬರೆಯಿರಿ. ಸಿಟ್ಟು ಮಾತಿನಲ್ಲಿ, ಕಾಗದದಲ್ಲಿ ಇರಲಿ, ಕೈಗೆ ಬರುವುದು ಬೇಡ. ಆಸ್ಪತ್ರೆ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ನಮ್ಮ ರಾಜ್ಯದಲ್ಲಿ 2009ರಿಂದಲೇ ಪ್ರತ್ಯೇಕ ಕಾಯ್ದೆ ಇದೆ.

ನಾನು ಲಿಂಗಸುಗೂರು ಕಡೆಯವಳು, ಸ್ಟಾಫ್ ನರ್ಸ್. ಒಬ್ಬ ಬಾಣಂತಿಯ ಗಂಡ ನನ್ನ ಬಗ್ಗೆ ಪತ್ರ ಬರೆದು ಕೊಟ್ಟಿದ್ದರಂತೆ. ಅದು ನನ್ನ ಕಣ್ಣಿಗೇ ಬೀಳಲಿಲ್ಲ. ಮನೆಗೆ ಹೋದ ಮೇಲೆ ರೋಗಿಗಳು ಹೇಗಿದ್ದಾರೆ ಅಂತಲೂ ನಮಗೆ ಗೊತ್ತಾಗಲ್ಲ ಅಕ್ಕಾ.

ಕಚೇರಿಯಲ್ಲಿ ಕೇಳಿ ತಂಗಿ, ಸಂಕೋಚ ಬೇಡ. ಪ್ರತಿ ಸಿಕ್ಕರೆ ನಿಮ್ಮ ಫೈಲಿನಲ್ಲಿ ಇಟ್ಟುಕೊಳ್ಳಿ, ವರ್ಷದ ಕಾರ್ಯನಿರ್ವಹಣಾ ವರದಿ ಬರೆಯುವಾಗ ಮೇಲಿನವರಿಗೆ ತೋರಿಸಿ.

ಓದುಗರೇ, ಇವರ ಕೊನೆಯ ಮಾತನ್ನು ಇನ್ನೊಮ್ಮೆ ಓದಿ. ನಮ್ಮ ದೊಡ್ಡ ಆಸ್ಪತ್ರೆಗಳಿಗೆ ಸುತ್ತಲಿನ ಜಿಲ್ಲೆಗಳಿಂದ, ಆಂಧ್ರ, ತೆಲಂಗಾಣದ ಗಡಿ ಊರುಗಳಿಂದಲೂ ಜನ ಬರುತ್ತಾರೆ. ಡಿಸ್ಚಾರ್ಜ್ ಆದ ಹಾಸಿಗೆಗೆ ಆ ಹೊತ್ತಿಗೇ ಇನ್ನೊಬ್ಬರು ಬಂದಿರುತ್ತಾರೆ. ತಪಾಸಣೆಗೆ ಮತ್ತೆ ಹೋದಾಗ ಎರಡು ನಿಮಿಷ ವಾರ್ಡಿಗೆ ಹೋಗಿ, "ಕೂಸು ಆರಾಮಿದೆ ಸಿಸ್ಟರ್" ಅಂತ ಹೇಳಿ ಬನ್ನಿ. ಅಧೀಕ್ಷಕರು ಯಾರಾದರೂ ಇದನ್ನು ಓದುತ್ತಿದ್ದರೆ ನನ್ನದೊಂದು ಕೋರಿಕೆ: ಬಂದ ಮೆಚ್ಚುಗೆ ಪತ್ರವನ್ನು ಆ ವಾರವೇ ಅವರ ಕೈಗೆ ಕೊಡಿ, ತಿಂಗಳ ಸಭೆಯಲ್ಲಿ ದೂರುಗಳನ್ನು ಓದುವ ಹಾಗೇ ಅದನ್ನೂ ಎಲ್ಲರ ಮುಂದೆ ಓದಿಸಿ.