ಓದುಗರ ಪ್ರಶ್ನೆ: ಬೂಷ್ಟು ಹಿಡಿದ ಹ್ಯಾಮ್ ತಗೋಬಹುದಾ?

ಪ್ರಶ್ನೆ: ನಮ್ದು ವಿರಾಜಪೇಟೆ ಕಡೆ, ಈಗ ಅಮೆರಿಕದ ಟೆನ್ನೆಸ್ಸಿ ರಾಜ್ಯದ ನಾಕ್ಸ್‌ವಿಲ್‌ನಲ್ಲಿದ್ದೀವಿ. ಊರಿಂದ ಅಪ್ಪ ಬಂದಿದ್ದಾರೆ. ಸೂಪರ್ ಮಾರ್ಕೆಟ್ ಹ್ಯಾಮ್ (ಉಪ್ಪು ಹಾಕಿ ಹದ ಮಾಡಿದ ಹಂದಿ ತೊಡೆ ಮಾಂಸ) ಕೊಟ್ರೆ "ಇದು ಸ್ಪಂಜು, ಹಂದಿ ಅಲ್ಲ" ಅಂತ ತಟ್ಟೆ ಸರಿಸಿಬಿಟ್ರು. ಅವ್ರು ಚಿಕ್ಕವರಿದ್ದಾಗ ಒಲೆ ಮೇಲೆ ಮಾಂಸ ಕಟ್ಟಿ ಹೊಗೆಗೆ ಒಣಗಿಸ್ತಿದ್ರಂತೆ, ದಿನಾ ಅದೇ ಮಾತು. ಆಫೀಸಲ್ಲೊಬ್ರು ಕಂಟ್ರಿ ಹ್ಯಾಮ್ ಅಂಗಡಿಗೆ ಕರ್ಕೊಂಡು ಹೋಗಿ ಅಂದ್ರು. ಫೋಟೋ ನೋಡಿದ್ರೆ ಮೇಲೆಲ್ಲ ಬೂಷ್ಟು! ಅಪ್ಪಂಗೆ ಬಿಪಿ ಬೇರೆ. ಹೋಗೋದಾ ಬೇಡ್ವಾ?

ಉತ್ತರ: ಹೋಗಿ, ಅಪ್ಪ ಊರಿಗೆ ಹೊರಡೋ ಮುಂಚೆ ಖಂಡಿತ ಹೋಗಿ. ನಿಮ್ಮಿಂದ ಸುಮಾರು ಒಂದು ಗಂಟೆ ದಾರಿ, ಮ್ಯಾಡಿಸನ್‌ವಿಲ್ ಅನ್ನೋ ಸಣ್ಣ ಊರಲ್ಲಿ ಹೈವೇ 411ರ ಪಕ್ಕದಲ್ಲೇ ಬೆಂಟನ್ಸ್ ಅಂತ ಅಂಗಡಿ ಇದೆ. 1947ರಲ್ಲಿ ಆಲ್ಬರ್ಟ್ ಹಿಕ್ಸ್ ಅನ್ನೋರು ಶುರು ಮಾಡಿದ್ದು, 1973ರಲ್ಲಿ ಶಾಲೆಯ ಕೆಲಸ ಬಿಟ್ಟು ಬಂದ ಆಲನ್ ಬೆಂಟನ್ ಅದನ್ನ ತಗೊಂಡ್ರು. ಥಳಕು ಏನೂ ಇಲ್ಲ, ಬಾಗಿಲು ತೆಗೆದ ತಕ್ಷಣ ಹಿಕರಿ ಕಟ್ಟಿಗೆ ಹೊಗೆ ವಾಸನೆ ಮುಖಕ್ಕೆ ಬಡಿಯುತ್ತೆ, ನಾನು ಹೋಗಿ ಬಂದ ಮೇಲೆ ಸ್ವೆಟರ್ ಎರಡು ಸಲ ಒಗೆದ್ರೂ ಆ ಘಮ ಹೋಗಿರ್ಲಿಲ್ಲ, ನಿಮ್ಮಪ್ಪಂಗೆ ಅರ್ಧ ನೆನಪು ಆ ಬಾಗಿಲಲ್ಲೇ ಬಂದ್ಬಿಡುತ್ತೆ ನೋಡಿ.

ಸ್ಪಂಜು ಅಂತ ಅವ್ರು ಹೇಳಿದ್ದು ಸರಿಯಾಗೇ ಇದೆ. ಮಾಮೂಲಿ ಹ್ಯಾಮ್‌ಗೆ ಉಪ್ಪುನೀರು ಚುಚ್ಚಿ ತುಂಬ್ತಾರೆ. ಕಂಟ್ರಿ ಹ್ಯಾಮ್ ಅದರ ಉಲ್ಟಾ, ಹಂದಿಯ ಹಿಂದಿನ ತೊಡೆಗೆ ಉಪ್ಪು, ಕೆಲವರು ಸಕ್ಕರೆ ಮೆಣಸನ್ನೂ ಸೇರಿಸಿ ತಿಕ್ಕಿ, ನೀರು ಹೊರಗೆ ಎಳೆದು, ತಿಂಗಳುಗಟ್ಲೆ ನೇತು ಹಾಕೋದು. ಅಲ್ಲಿನ ಸರ್ಕಾರದ ನಿಯಮದ ಪ್ರಕಾರ ಕನಿಷ್ಠ 18 ಪರ್ಸೆಂಟ್ ತೂಕ ಇಳಿದಿದ್ರೆ ಮಾತ್ರ ಆ ಹೆಸರು ಹಾಕ್ಬಹುದು. ಫ್ರಿಜ್ ಇಲ್ಲದ ಕಾಲದಲ್ಲಿ ರೈತರು ಚಳಿಗಾಲಕ್ಕೆ ಹಂದಿ ಕೊಯ್ಯೋರು. ಕೊಳೆಯದಷ್ಟು ಚಳಿ, ಆದ್ರೆ ಮಾಂಸ ಕಲ್ಲಾಗಿ ಉಪ್ಪು ಒಳಗೆ ಇಳಿಯದೇ ಇರುವಷ್ಟಲ್ಲ, ಆಮೇಲೆ ಬೇಸಿಗೆ ಬಿಸಿಗೆ ಅದು ಹದವಾಗಿ ರುಚಿ ಕಟ್ಟೋದು, ಅದಕ್ಕೇ ವರ್ಜೀನಿಯಾ, ಕೆಂಟಕಿ, ಟೆನ್ನೆಸ್ಸಿ ಕಡೆ ಇದು ಬೆಳೀತು. ನಮ್ಮ ಕೊಡಗಿನ ಮಳೆಗೆ ಒಲೆ ಹೊಗೆ ಇಲ್ದೆ ಏನೂ ಒಣಗ್ತಿರ್ಲಿಲ್ಲ, ಅವ್ರಿಗೆ ಹವಾಮಾನವೇ ಅರ್ಧ ಕೆಲಸ ಮಾಡಿಕೊಡ್ತಿತ್ತು.

ಬೂಷ್ಟಿಗೆ ಹೆದರಬೇಡಿ. ಇಡೀ ಹ್ಯಾಮ್ ಮೇಲೆ ಅದು ಬರೋದು ಸಾಮಾನ್ಯ, ಬಿಸಿನೀರಲ್ಲಿ ಗಟ್ಟಿ ಬ್ರಷ್ ಹಾಕಿ ಉಜ್ಜಿ ತೊಳೆದ್ರೆ ಆಯ್ತು. ಕತ್ತರಿಸಿದಾಗ ಒಳಗೆ ಬಿಳಿ ಚುಕ್ಕೆ ಕಂಡ್ರೆ ಅದು ಬೂಷ್ಟಲ್ಲ, ಮಾಂಸದ ಪ್ರೋಟೀನ್ ಒಡೆದು ಆಗೋ ಹರಳು, ಚೆನ್ನಾಗಿ ಹಳೇದಾಗಿದೆ ಅಂತ ಗುರುತು. ಆದ್ರೆ ಒಳಗಿಂದ ಕೊಳೆತ ವಾಸನೆ ಬಂದ್ರೆ ಮಾತ್ರ ಬಿಸಾಕಿ.

ಮೊದಲ ಸಲಕ್ಕೆ ಇಡೀ ತೊಡೆ ತಗೋಬೇಡಿ, ಅದನ್ನ ಒಂದೆರಡು ದಿನ ನೀರು ಬದಲಾಯಿಸ್ತಾ ನೆನೆಸಿ ನಿಧಾನ ಬೇಯಿಸ್ಬೇಕು, ಅಷ್ಟು ದೊಡ್ಡ ಪಾತ್ರೆ ಯಾರ ಮನೇಲಿರುತ್ತೆ. ಮಧ್ಯದ ಭಾಗದ ಸ್ಲೈಸ್ ಕೇಳಿ, ಹಸಿಯಾಗಿ ತಿನ್ನೋ ಹಾಗೆ ಕಾಗದದಷ್ಟು ತೆಳ್ಳಗೆ ಬೇಕಾ, ಹುರಿಯೋಕಾ ಅಂತ ಕೌಂಟರ್‌ನಲ್ಲೇ ಹೇಳಿ. ಹುರಿಯೋದನ್ನ ಒಂದು ಗಂಟೆ ನೀರಲ್ಲಿ ನೆನೆಸಿ, ಕಾವಲಿ ಮೇಲೆ ಸಣ್ಣ ಉರಿಯಲ್ಲಿ ಎರಡೂ ಕಡೆ ಸ್ವಲ್ಪ ಹೊತ್ತು ಅಷ್ಟೇ, ಜಾಸ್ತಿ ಆದ್ರೆ ಚಪ್ಪಲಿ ತರ ಆಗುತ್ತೆ. ಕಾವಲಿಯಲ್ಲಿ ಉಳಿದ ಕೊಬ್ಬಿಗೆ ಅಲ್ಲಿಯವರು ಕಪ್ಪು ಕಾಫಿ ಸುರಿದು ರೆಡ್ ಐ ಗ್ರೇವಿ ಅಂತ ಮಾಡಿ ಬಿಸ್ಕೆಟ್ (ನಮ್ಮ ಬಿಸ್ಕತ್ತಲ್ಲ, ಮೆತ್ತಗಿನ ಬನ್ ತರದ್ದು) ಜೊತೆ ತಿಂತಾರೆ. ಕಾಫಿ ತೋಟದ ಮನೆಯವರು ನೀವು, ಇದನ್ನ ಬಿಡಬೇಡಿ, ಅಕ್ಕಿ ರೊಟ್ಟಿಗೆ ಹಚ್ಚಿ ಕೊಡಿ ಅಪ್ಪಂಗೆ. ಪಂದಿ ಕರಿಗೆ ಮಾತ್ರ ಈ ಮಾಂಸ ಹಾಕ್ಬೇಡಿ, ಕಾಚಂಪುಳಿ ಹುಳಿಗೆ ಈ ಉಪ್ಪು ಸೇರಿದ್ರೆ ಬಾಯಿಗಿಡೋಕಾಗಲ್ಲ. ಮೂಳೆ ತುಂಡು ಸಿಕ್ರೆ ಬೀನ್ಸ್ ಕಾಳು ಬೇಯಿಸುವಾಗ ಹಾಕಿ, ಬೇರೆ ಉಪ್ಪೇ ಬೇಡ.

ಬಿಪಿ ವಿಷಯ ನೇರವಾಗಿ ಹೇಳ್ತೀನಿ, ನೆನೆಸಿದ್ರೂ ಉಪ್ಪು ಪೂರ್ತಿ ಹೋಗಲ್ಲ. ಅವರ ಡಾಕ್ಟರ್‌ನ ಒಂದು ಮಾತು ಕೇಳಿ, ಅವ್ರು ಒಪ್ಪಿದ್ರೆ ಒಂದು ದಿನ ಒಂದು ಸಣ್ಣ ತುಂಡು, ಆ ದಿನ ಉಪ್ಪಿನಕಾಯಿ ಹಪ್ಪಳ ಏನೂ ಬೇಡ. ಡಾಕ್ಟರ್ ಬೇಡ ಅಂದ್ರೂ ಅಂಗಡಿಗೆ ಕರ್ಕೊಂಡು ಹೋಗಿ, ಆ ಹೊಗೆ ವಾಸನೆಗಾದ್ರೂ. ಭಾನುವಾರ ಮುಚ್ಚಿರುತ್ತೆ, ಹೊರಡೋ ಮುಂಚೆ ಒಂದು ಫೋನ್ ಮಾಡಿ.

ಪ್ರಶ್ನೆ: ಸ್ಮಿತ್‌ಫೀಲ್ಡ್ ಹ್ಯಾಮ್ ಅನ್ನೋದೂ ಇದೇನಾ? ಒಂದನ್ನ ಮಂಗಳೂರಿಗೆ ತರಬಹುದಾ?

ಉತ್ತರ: ಅದೂ ಒಂದು ತರದ ಕಂಟ್ರಿ ಹ್ಯಾಮೇ. ವರ್ಜೀನಿಯಾದಲ್ಲಿ 1926ರಲ್ಲೇ ಕಾನೂನು ಮಾಡಿ, ಸ್ಮಿತ್‌ಫೀಲ್ಡ್ ಊರಿನ ಗಡಿಯೊಳಗೆ ಹದ ಮಾಡಿದ್ದಕ್ಕೆ ಮಾತ್ರ ಆ ಹೆಸರು ಅಂದ್ರು. ಅಲ್ಲಿನ ಮ್ಯೂಸಿಯಂನಲ್ಲಿ 1902ರ ಹ್ಯಾಮ್ ಒಂದು ಇವತ್ತಿಗೂ ಇದೆ, ಹೋಗಿ ನೋಡಿ. ತರೋದು ಮಾತ್ರ ಬೇಡ. ಪರ್ಮಿಟ್ ಇಲ್ದೆ ಹಂದಿ ಮಾಂಸ ಭಾರತದೊಳಗೆ ತರೋ ಹಾಗಿಲ್ಲ, ಕಸ್ಟಮ್ಸ್‌ನಲ್ಲಿ ಕಿತ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ಅಲ್ಲೇ ತಿಂದು ಬನ್ನಿ.