ಓದುಗರ ಪ್ರಶ್ನೆ: ಬ್ರಿಟನ್ನಿನ ಸಂಸದರು ರಾಜೀನಾಮೆ ಕೊಡುವುದು ಹೇಗೆ?

ಪ್ರಶ್ನೆ: ರಿಷಿ ಸುನಕ್ 2024ರಲ್ಲಿ ಪ್ರಧಾನಿ ಪದವಿ ಹೋದ ಮೇಲೂ ಸಂಸದರಾಗಿ ಉಳಿದರು. ಬೋರಿಸ್ ಜಾನ್ಸನ್ ಸಂಸತ್ತನ್ನೇ ಬಿಟ್ಟರು. ಆದರೆ ಅಲ್ಲಿ ಸಂಸದರು ರಾಜೀನಾಮೆ ಕೊಡುವಂತಿಲ್ಲ ಎಂದು ಓದಿದ್ದೇನೆ. ಯಾವುದು ನಿಜ?

ಉತ್ತರ: ಎರಡೂ ನಿಜ. ಸದಸ್ಯರು ತಾವಾಗಿ ಸ್ಥಾನ ಬಿಡುವಂತಿಲ್ಲ ಎಂದು ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆ 1624ರಲ್ಲೇ ನಿರ್ಣಯಿಸಿತು. ಸದಸ್ಯತ್ವವನ್ನು ಆಗ ಊರು ಹೊರಿಸಿದ ಹೊರೆ ಎಂದೇ ಎಣಿಸುತ್ತಿದ್ದರು. ಆ ನಿಯಮ ಇಂದಿಗೂ ಇದೆ. ಹೊರಬರುವ ದಾರಿ ಇರುವುದು ನಮಗೂ ಪರಿಚಿತವಾದ ‘ಲಾಭದಾಯಕ ಹುದ್ದೆ’ಯ ನಿಯಮದಲ್ಲಿ: ಅರಸೊತ್ತಿಗೆಯ ಕೆಲವು ಹುದ್ದೆ ಹಿಡಿದವರು ಸದಸ್ಯತ್ವಕ್ಕೆ ಅನರ್ಹರು.

ಇದಕ್ಕೆಂದೇ ಎರಡು ಹುದ್ದೆಗಳನ್ನು ಉಳಿಸಿಕೊಂಡಿದ್ದಾರೆ. ಒಂದು ಚಿಲ್ಟರ್ನ್ ಹಂಡ್ರೆಡ್ಸ್, ಅಂದರೆ ಬಕಿಂಗ್‌ಹ್ಯಾಮ್‌ಶೈರ್‌ನ ಸ್ಟೋಕ್, ಡೆಸ್ಬರೋ, ಬರ್ನ್‌ಹ್ಯಾಮ್ ಎಂಬ ಮೂರು ಹಳೆಯ ಹೋಬಳಿಗಳ ಪಾರುಪತ್ಯ. ಇನ್ನೊಂದು ಯಾರ್ಕ್‌ಶೈರ್‌ನ ನಾರ್ತ್‌ಸ್ಟೆಡ್ ಜಹಗೀರಿನದು. ಕೆಲಸವೂ ಇಲ್ಲ, ಸಂಬಳವೂ ಇಲ್ಲ. ಬಿಡಬೇಕೆಂದವರು ಹಣಕಾಸು ಸಚಿವರಿಗೆ ಅರ್ಜಿ ಬರೆಯುತ್ತಾರೆ. ನೇಮಕವಾದ ಕ್ಷಣದಲ್ಲೇ ಸ್ಥಾನ ತೆರವು. ಒಂದೇ ದಿನ ಇಬ್ಬರು ಬಿಟ್ಟರೂ ತೊಡಕಾಗದಂತೆ ಎರಡನ್ನೂ ಸರದಿಯಲ್ಲಿ ಕೊಡುತ್ತಾರೆ. ಟೋನಿ ಬ್ಲೇರ್ (2007) ಮತ್ತು ಜಾನ್ಸನ್ (2023) ಚಿಲ್ಟರ್ನ್ ಪಡೆದರು, ಡೇವಿಡ್ ಕ್ಯಾಮರಾನ್ (2016) ನಾರ್ತ್‌ಸ್ಟೆಡ್ ಪಡೆದರು.

ಸ್ಥಾನ ತೆರವಾದ ಮಾತ್ರಕ್ಕೆ ಉಪಚುನಾವಣೆಯ ದಿನ ಗೊತ್ತಾಗುವುದಿಲ್ಲ. ಆ ಸ್ಥಾನ ಹೊಂದಿದ್ದ ಪಕ್ಷದ ಮುಖ್ಯ ಸಚೇತಕರು ಸದನದಲ್ಲಿ ‘ರಿಟ್’, ಅಂದರೆ ಚುನಾವಣೆ ನಡೆಸುವ ಆಜ್ಞಾಪತ್ರಕ್ಕೆ ಸೂಚನೆ, ಮಂಡಿಸಬೇಕು. ಮೂರು ತಿಂಗಳೊಳಗೆ ಮಂಡಿಸುವುದು ರೂಢಿ.

ಪ್ರಶ್ನೆ: ಪಕ್ಷ ಬದಲಿಸಿದರೆ ಅಲ್ಲಿ ಸದಸ್ಯತ್ವ ಹೋಗುತ್ತದೆಯೇ?

ಉತ್ತರ: ಇಲ್ಲ. ನಮ್ಮ ಹತ್ತನೇ ಅನುಸೂಚಿಯಂಥ ಪಕ್ಷಾಂತರ ನಿಷೇಧ ಅಲ್ಲಿಲ್ಲ. 2019ರಲ್ಲಿ ಕರ್ನಾಟಕದಲ್ಲಿ 17 ಶಾಸಕರು ಅನರ್ಹರಾದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬ್ರೆಕ್ಸಿಟ್ ವಿಚಾರದಲ್ಲಿ ಸರ್ಕಾರದ ವಿರುದ್ಧ ಮತ ಹಾಕಿದ 21 ಕನ್ಸರ್ವೇಟಿವ್ ಸಂಸದರನ್ನು ಅವರ ಪಕ್ಷ ಹೊರಹಾಕಿತು. ಆದರೂ ಅವರೆಲ್ಲ ಸದನದಲ್ಲೇ ಕೂತರು. ಮೂರು ಗೆರೆ ಎಳೆದ ವಿಪ್, ಅಂದರೆ ಪಕ್ಷದ ಅತಿ ಕಟ್ಟುನಿಟ್ಟಿನ ಮತದಾನ ಸೂಚನೆ, ಮೀರಿದರೂ ಶಿಕ್ಷೆ ಪಕ್ಷದ್ದು, ಸದನದ್ದಲ್ಲ. 2014ರಲ್ಲಿ ಕನ್ಸರ್ವೇಟಿವ್ ಪಕ್ಷ ಬಿಟ್ಟು ಯುಕಿಪ್ ಎಂಬ ಪಕ್ಷ ಸೇರಿದ ಸಂಸದ ಡಗ್ಲಸ್ ಕಾರ್ಸ್‌ವೆಲ್ ಸ್ಥಾನ ಬಿಟ್ಟು ಕ್ಲಾಕ್ಟನ್‌ನಲ್ಲಿ ಮತ್ತೆ ನಿಂತು ಗೆದ್ದರು. ಕಾನೂನಿನ ಬಲವಂತ ಇಲ್ಲದಿದ್ದರೂ ಮತದಾರರ ಮುಂದೆ ಹೋದದ್ದು ಮೆಚ್ಚಬೇಕಾದ ನಡೆ.

ಮತದಾರರೇ ವಾಪಸ್ ಕರೆಸಲು 2015ರ ಕಾಯ್ದೆ ಇದೆ, ಆದರೆ ಪಕ್ಷಾಂತರ ಅದಕ್ಕೆ ಕಾರಣವಾಗದು. ಜೈಲು ಶಿಕ್ಷೆ, ಸದನದಿಂದ ಕನಿಷ್ಠ 10 ಕಲಾಪ ದಿನಗಳ ಅಮಾನತು ಅಥವಾ ಸುಳ್ಳು ಭತ್ಯೆ ಲೆಕ್ಕದ ಅಪರಾಧ ಇರಬೇಕು. ಆಮೇಲೆ ಆರು ವಾರದಲ್ಲಿ ಕ್ಷೇತ್ರದ ಶೇ. 10ರಷ್ಟು ಮತದಾರರು ಸಹಿ ಹಾಕಬೇಕು. 2018ರಲ್ಲಿ ನಾರ್ತ್ ಆಂಟ್ರಿಮ್ ಕ್ಷೇತ್ರದಲ್ಲಿ ಸಹಿ ಶೇ. 9.4ಕ್ಕೇ ನಿಂತಿತು, ಸಂಸದರು ಉಳಿದರು.

ಪ್ರಶ್ನೆ: ಲಂಡನ್ನಿನಲ್ಲಿರುವ ಮಗ ಇನ್ನೂ ಭಾರತದ ಪೌರ. ಅಲ್ಲಿ ಸ್ಪರ್ಧಿಸಬಹುದೇ?

ಉತ್ತರ: ಕಾಯಂ ವಾಸದ ಪರವಾನಗಿ ಇದ್ದರೆ ಸ್ಪರ್ಧಿಸಬಹುದು, ಏಕೆಂದರೆ ಭಾರತ ಕಾಮನ್‌ವೆಲ್ತ್ ದೇಶ. ಕೆಲಸದ ವೀಸಾ ಮಾತ್ರ ಇದ್ದರೆ ಆಗದು. 18 ತುಂಬಿರಬೇಕು, 500 ಪೌಂಡ್ ಠೇವಣಿ ಕಟ್ಟಬೇಕು. ಶೇ. 5ಕ್ಕಿಂತ ಹೆಚ್ಚು ಮತ ಬಂದರಷ್ಟೇ ಅದು ವಾಪಸ್. ಅದೇ ಕ್ಷೇತ್ರದ ಹತ್ತು ಮತದಾರರ ಸಹಿಯೂ ಬೇಕು. ಎಡವಟ್ಟಾಗುವುದು ಇಲ್ಲೇ: ಪಕ್ಕದ ಕ್ಷೇತ್ರದವರ ಸಹಿ ಒಂದಿದ್ದರೂ ಅರ್ಜಿ ತಿರಸ್ಕೃತವಾಗಬಹುದು. ಸಹಿ ಹಾಕಿಸುವ ಮೊದಲೇ ಮತದಾರರ ಪಟ್ಟಿಯ ಸಂಖ್ಯೆ ನೋಡಿಕೊಳ್ಳಲಿ, ಕೊನೆಯ ದಿನದ ಸಂಜೆ 4 ಗಂಟೆಯವರೆಗೆ ಕಾಯುವುದು ಬೇಡ.